ಆಲಮಟ್ಟಿ ತೋಟದ ಯಜಮಾನರು

ನಮ್ಮ ಗಲಗಲಿಯನ್ನು ದಾಟಿದ ಕೃಷ್ಣೆ ಮುಂದೆ ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ. ಅಲ್ಲಿನ ರಾಕ್ ಗಾರ್ಡನ್, ಸಂಗೀತ ಕಾರಂಜಿ ನೋಡಿದ್ದೀರಲ್ಲ? ಅದೆಲ್ಲ ಒಂದು ಕಂಪನಿಯದು. 1994ರಲ್ಲಿ ಸರ್ಕಾರವೇ ಹುಟ್ಟುಹಾಕಿದ ಕೃಷ್ಣಾ ಭಾಗ್ಯ ಜಲ ನಿಗಮ. ಅಧ್ಯಕ್ಷರು ಸಾಕ್ಷಾತ್ ಮುಖ್ಯಮಂತ್ರಿಗಳು! ಬೆಂಗಳೂರಿನಲ್ಲಿ ಕುರ್ಚಿ ಅಲುಗಿದರೆ ಇಲ್ಲಿ ಯಜಮಾನರು ಬದಲು.

ನಾನು ಸುಮ್ಮನೆ ಎಣಿಸಿದೆ. 1999ರಿಂದ 2004ರವರೆಗೆ ಎಸ್.ಎಂ. ಕೃಷ್ಣ ಒಬ್ಬರೇ. ಆಮೇಲೆ 2013ರೊಳಗೆ ಧರಂಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್... (2007ರಲ್ಲಿ ಯಡಿಯೂರಪ್ಪನವರ ಏಳು ದಿನ ಬೇರೆ!)

ಕಾರಂಜಿಗೇನೂ ಬಾಧೆಯಿಲ್ಲ ಬಿಡಿ. ಆದರೆ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸಲು ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಅಲ್ಲಿಂದ ಮುಳುಗಡೆಯ ರೈತರು ಬಂದ ಬಂದ ಅಧ್ಯಕ್ಷರಿಗೆ ಅದೇ ಪರಿಹಾರದ ಅರ್ಜಿ ಕೊಡುತ್ತ ಬಂದರು.