ಕಾಣದ ಬೆಳಕಿಗೆ ಹಿಡಿದ ಕನ್ನಡಿ

ವಿದ್ಯುತ್ತರಂಗಗಳು ಬೆಳಕಿನ ಸಜಾತೀಯವೆಂದು ಮ್ಯಾಕ್ಸ್‌ವೆಲ್ಲರು ಗಣಿತದಿಂದ ಸಾಧಿಸಿದ್ದುದನ್ನು ಪ್ರಯೋಗದಿಂದ ಸ್ಥಾಪಿಸಲು ಹೊರಟ ಹೈನ್‌ರಿಕ್ ಹರ್ಟ್ಸರು, 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, ಎರಡು ಮೀಟರ್ ಉದ್ದದ ಸತುವಿನ ತಗಡನ್ನು ಮರದ ಚೌಕಟ್ಟಿನ ಮೇಲೆ ಪರವಲಯಾಕಾರವಾಗಿ ಬಾಗಿಸಿ, ಅದರ ನಾಭಿರೇಖೆಯಲ್ಲಿ ಕಿಡಿ ಹಾರಿಸಿ, ತರಂಗಗಳನ್ನು ಒಂದೇ ದಿಕ್ಕಿಗೆ ಹೊರಳಿಸಿದರು. ಅವುಗಳ ತರಂಗಾಂತರ ಸುಮಾರು 66 ಸೆಂಟಿಮೀಟರ್. ದರ್ಪಣದ ಬಾಯಿಯಾದರೋ 1.2 ಮೀಟರ್, ಎಂದರೆ ತರಂಗಾಂತರದ ಇಮ್ಮಡಿಯೂ ಅಲ್ಲ. ಪ್ರತಿಫಲಕವು ತರಂಗಾಂತರಕ್ಕಿಂತ ಬಹುಮಡಿ ದೊಡ್ಡದಾಗಿರದಿದ್ದರೆ ಕಿರಣವು ಅಂಚುಗಳಲ್ಲಿ ಬಾಗಿ ಚದರಿಹೋಗುತ್ತದೆ. ವಕ್ರೀಭವನವನ್ನು ತೋರಿಸಲು ಅವರು ಎರಕ ಹೊಯ್ಯಿಸಿದ ಡಾಂಬರದ ಪಟ್ಟಕವು 600 ಕಿಲೋಗ್ರಾಂ ತೂಗುತ್ತಿದ್ದಿತು!

ದರ್ಪಣವನ್ನು ಬೆಳೆಸುವುದಕ್ಕೆ ಬದಲಾಗಿ ತರಂಗವನ್ನೇ ಕುಗ್ಗಿಸಿದವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು. ತರಂಗಗಳನ್ನು ಹಿಡಿದು ಹೊರಳಿಸುವ ಈ ವಿದ್ಯೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಊರಿನ ತಗಡುಕೆಲಸದವನೊಬ್ಬನ ನೆರವಿನಿಂದ ಅವರು ಕಟ್ಟಿದ ಉಪಕರಣವು, ಸಣ್ಣ ಪ್ಲಾಟಿನಂ ಗೋಲದ ಇಕ್ಕೆಲಗಳಲ್ಲಿ ಕಿಡಿ ಹಾರಿಸಿ, ಐದು ಮಿಲಿಮೀಟರಿನಷ್ಟು ಕಿರಿದಾದ ತರಂಗಗಳನ್ನು ಹುಟ್ಟಿಸಿತು. ಕಿಡಿಯನ್ನು ಲೋಹದ ಕೊಳವೆಯೊಳಗೆ ಬಂಧಿಸಿದ್ದುದರಿಂದ ತರಂಗವು ತೆರೆದ ಬಾಯಿಂದಲ್ಲದೆ ಬೇರೆಲ್ಲಿಂದಲೂ ಹೊರಡುವಂತಿರಲಿಲ್ಲ. ಗ್ರಾಹಕದ ಮುಂದೆ ನಾಲ್ಕು ಮೂಲೆಯ ಆಲಿಕೆಯೊಂದು ಬಾಯ್ದೆರೆದು ಅದನ್ನು ಒಳಗೊಳ್ಳುತ್ತಿದ್ದಿತು. ಎಲ್ಲವೂ ಮೇಜಿನ ಮೇಲೆಯೇ ಹಿಡಿಯಿತು. ಧ್ರುವೀಕರಣವನ್ನು ತೋರಿಸಬೇಕಾದಾಗ ಅವರು ಕೈಗೆತ್ತಿಕೊಂಡುದು ಬ್ರ್ಯಾಡ್‌ಷಾ ರೈಲ್ವೆ ವೇಳಾಪಟ್ಟಿ! ಅದರ ಪುಟಗಳ ನಡುವೆ ತವರದ ತೆಳುಹಾಳೆಗಳನ್ನಿರಿಸಿದರೆ, ಹಾಳೆಗಳಿಗೆ ಸಮಾನಾಂತರವಾದ ಕಂಪನ ತಡೆದು ನಿಂತು, ಲಂಬವಾದುದು ಮಾತ್ರ ದಾಟಿಹೋಗುತ್ತಿದ್ದಿತು. ರೈಲುಗಳ ವಿಷಯದಲ್ಲಿ ಆ ಪುಸ್ತಕ ಎಷ್ಟು ವಿಶ್ವಾಸಾರ್ಹವೋ ನಾನರಿಯೆ, ತರಂಗಗಳ ವಿಷಯದಲ್ಲಿ ಅದು ತಪ್ಪಲಿಲ್ಲ. ಬಂಗಾಳದ ಸೆಣಬನ್ನು ಬಲಕ್ಕೋ ಎಡಕ್ಕೋ ಹುರಿಮಾಡಿ ಅಡ್ಡವಿರಿಸಿ, ಸಕ್ಕರೆಯ ದ್ರಾವಣವು ಬೆಳಕಿನ ಕಂಪನತಲವನ್ನು ತಿರುಗಿಸುವಂತೆ ಈ ಕಾಣದ ಬೆಳಕಿನ ತಲವನ್ನೂ ತಿರುಗಿಸಿದರು.

1897ರ ಜನವರಿಯಲ್ಲಿ ಬೋಸರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸವಿತ್ತರು. ಅದೇ ವರ್ಷ ಲಾರ್ಡ್ ರ‍್ಯಾಲೆಯವರು ಕೊಳವೆಯೊಳಗೆ ತರಂಗಗಳು ಸಾಗುವ ಬಗೆಯನ್ನು ಗಣಿತದಿಂದ ವಿವರಿಸಿದರು. ಆದರೆ ದೂರಸಂದೇಶದ ಹಂಬಲದಲ್ಲಿ ಲೋಕವು ದೀರ್ಘತರಂಗಗಳ ಬೆನ್ನುಹತ್ತಿ, ಕಿರುತರಂಗಗಳನ್ನೂ ಅವುಗಳ ಕೊಳವೆಯನ್ನೂ ಮರೆತಿತು. 1936ರಲ್ಲಿ ಅಮೆರಿಕದ ಸೌತ್‌ವರ್ತ್ ಮತ್ತು ಬ್ಯಾರೊ ಎಂಬವರು, ಒಬ್ಬರನ್ನೊಬ್ಬರು ಅರಿಯದೆಯೇ ಕೆಲಸ ನಡೆಸಿ, ತರಂಗವಾಹಕ ಕೊಳವೆಯನ್ನು ಹೊಸದಾಗಿ ಮುಂದಿಟ್ಟರು.

ಬೋಸರು ಎರಡು ಪಟ್ಟಕಗಳನ್ನು ಎದುರುಬದುರಾಗಿರಿಸಿ, ನಡುವಣ ಸಂದನ್ನು ಹಿಗ್ಗಿಸಿ ಕುಗ್ಗಿಸಿ, ದಾಟಿಹೋಗುವ ತರಂಗದ ಬಲವನ್ನು ನಿಯಂತ್ರಿಸಿದ ಉಪಾಯವಂತೂ ಮೂಲೆಗೆ ಬೀಳಲಿಲ್ಲ. ಅಮೆರಿಕದ ಅರಿಜೋನಾದಲ್ಲಿ 12 ಮೀಟರ್ ವ್ಯಾಸದ ಪ್ರತಿಫಲಕವುಳ್ಳ ರೇಡಿಯೋ ದೂರದರ್ಶಕಕ್ಕೆಂದು, 1.3 ಮಿಲಿಮೀಟರ್ ತರಂಗಗಳಿಗಾಗಿ ನಿರ್ಮಿಸಿದ ಗ್ರಾಹಕದಲ್ಲಿ ಅದೇ ಜೋಡಿಪಟ್ಟಕವನ್ನು ಬಳಸಿದರು.