ಕಡಲಿಲ್ಲದ ಜಿಲ್ಲೆಗೊಂದು ದಂಡೆ

ವಿಜಯಪುರ ಜಿಲ್ಲೆಗೆ ಕಡಲಿಲ್ಲ. ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ. ನಡುವೆ ಎರೆಹೊಲ, ಬಿಳಿಜೋಳ, ಬಿಸಿಲು. ಆದರೂ ಈ ನಾಲ್ಕು ಊರುಗಳ ಶಾಲಾ ಮಕ್ಕಳು ಕಣ್ಣಿಗೆ ದಡ ಕಾಣದಷ್ಟು ನೀರು ನೋಡಲು ಕರಾವಳಿಗೇ ಹೋಗಬೇಕೆಂದಿಲ್ಲ. ಅವರ ಪ್ರವಾಸದ ಬಸ್ಸು ಆಲಮಟ್ಟಿಗೆ ಹೊರಡುತ್ತದೆ.

ಕಡಲ ತೀರದಲ್ಲಿ ಪ್ರವಾಸೋದ್ಯಮ ಬೆಳೆದ ಬಗೆ ಒಂದು. ಗೋಕರ್ಣಕ್ಕೆ ಮೊದಲು ಬಂದವರು ಮಹಾಬಲೇಶ್ವರನ ಭಕ್ತರು. ಅನಂತರ ಕುಡ್ಲೆ, ಓಂ ತೀರಗಳ ಗುಡಿಸಲುಗಳಲ್ಲಿ ವಿದೇಶಿಯರು ತಂಗಿದರು. ಅವರ ಹಿಂದೆ ರೆಸಾರ್ಟುಗಳು ಬಂದವು. ಅಲ್ಲಿ ದಂಡೆ ಮೊದಲೇ ಇತ್ತು, ಊರು ಬದಲಾಯಿತು. ಆಲಮಟ್ಟಿಯಲ್ಲಿ ಮೊದಲು ಊರುಗಳು ಹೋದವು, ಆಮೇಲೆ ದಂಡೆ ಹುಟ್ಟಿತು.

ಹಿಂದೆ ಕೃಷ್ಣೆಯ ಹೊಳೆಸಾಲಿಗೆ ಹೊರಗಿನವರು ಬರುತ್ತಿದ್ದುದು ನೋಟಕ್ಕಲ್ಲ, ಪುಣ್ಯಸ್ನಾನಕ್ಕೆ, ಜಾತ್ರೆಗೆ. ಕೃಷ್ಣೆ–ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ಅವರ ಜನ್ಮಸ್ಥಳವೆಂದು ನಂಬಲಾದ ಬಾಗೇವಾಡಿಯಿಂದ ಸಂಗಮದವರೆಗಿನ ದಾರಿ ಭಕ್ತರಿಗೆ ಹಳೆಯ ಪರಿಚಯ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕೆಳಗಿನ ನಾರಾಯಣಪುರ ಜಲಾಶಯ 1982ರಲ್ಲಿ ಸಿದ್ಧವಾಯಿತು. ಅದರ ಹಿನ್ನೀರು ಇಂದು ಸಂಗಮದ ಐಕ್ಯಮಂಟಪವನ್ನು ಸುತ್ತುವರಿದಿದೆ. ಆಲಮಟ್ಟಿಯ ಎತ್ತರದ ಬಗ್ಗೆ ಆಂಧ್ರಪ್ರದೇಶದೊಡನೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 26 ಗೇಟುಗಳ ಈ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಜಲಾಶಯ ಶಾಸ್ತ್ರಿಯವರ ಹೆಸರನ್ನೇ ಹೊತ್ತಿದೆ.

ನೀರು ಏರಿದಂತೆ ಹೊಳೆಸಾಲಿನ ಹಳ್ಳಿಗಳು ಮೇಲಿನ ಮಡ್ಡಿಗೆ ಸರಿದವು. 'ಮುಳುಗಡೆ', 'ಪುನರ್ವಸತಿ ಕೇಂದ್ರ' ಎಂಬ ಕಚೇರಿಯ ಪದಗಳು ಮನೆಮಾತಾದವು. ಬಾಗಲಕೋಟೆಯ ಒಂದು ಭಾಗ ಮುಳುಗಿ ನವನಗರ ಎದ್ದಿತು. ಹಳೆಯ ಕೊಲ್ಹಾರ ನೀರಿನಡಿ ಸೇರಿತು. ಊರು ಬೇರೆಡೆ ನೆಲೆಗೊಂಡಿತು. ಅಲ್ಲಿಯ ಗಡಿಗೆ ಮೊಸರು ಮಾತ್ರ ಊರಿನ ಜೊತೆಗೇ ಬಂತು. ಕೊಲ್ಹಾರ–ಕೊರ್ತಿ ಸೇತುವೆಯ ಮೇಲೆ ಹಿನ್ನೀರು ನೋಡುತ್ತ ಸಾಗುವ ಪ್ರಯಾಣಿಕರು ಇಂದೂ ಆ ಮೊಸರಿಗಾಗಿ ಇಳಿಯುತ್ತಾರೆ.

ಅಣೆಕಟ್ಟಿನ ಬಳಿ ಕೃಷ್ಣಾ ಭಾಗ್ಯ ಜಲ ನಿಗಮ ಉದ್ಯಾನಗಳನ್ನು ಬೆಳೆಸಿತು. ರಾಕ್ ಗಾರ್ಡನ್, ಮೊಘಲ್ ಉದ್ಯಾನ, ಸಂಗೀತ ಕಾರಂಜಿ ಬಂದವು. ಬರಗಾಲದ ನೆನಪು ಮಾಸದ ನಾಡಿನ ಜನ ಚಿಮ್ಮುವ ನೀರಿನ ಮುಂದೆ ಬೆರಗಿನಿಂದ ನಿಲ್ಲುವುದು ಸಹಜವೇ. ಆ ನೀರು ಬರೀ ನೋಟದ್ದೂ ಅಲ್ಲ: ಆಲಮಟ್ಟಿಯಿಂದ ನಾರಾಯಣಪುರಕ್ಕೆ ಇಳಿದು, ಎಡದಂಡೆ ಕಾಲುವೆ ಹಾಗೂ ಅದರ ಇಂಡಿ ಶಾಖೆಯ ಮೂಲಕ ಹೊಲಗಳತ್ತ ಹರಿಯುವುದೂ ಅದೇ. ಒಬ್ಬರ ಹೊಲ ಮುಳುಗಿದ್ದರಿಂದ ಇನ್ನೊಬ್ಬರ ಹೊಲ ನೆನೆಯಿತು.

ಈ ದಂಡೆ ಇನ್ನೂ ಸ್ಥಿರವಾಗಿ ನಿಂತಿಲ್ಲ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿತು. ಹಾಗೆ ಏರಿಸಿದರೆ ಇನ್ನಷ್ಟು ಹಳ್ಳಿಗಳು ಜಾಗ ಬಿಡಬೇಕು.

ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹಳೆಯ ಗೋಡೆಗಳ ಕುರುಹು ಮೇಲೇಳುತ್ತದೆ. ಪ್ರವಾಸಿಗೆ ಅದು ಬರೀ ಕಲ್ಲು. ಅಲ್ಲಿ ಹುಟ್ಟಿದವರಿಗೆ ಯಾವುದು ಗುಡಿ, ಯಾವುದು ಮನೆಯ ಕಟ್ಟೆ ಎಂಬುದು ಗೊತ್ತು. ಆಲಮಟ್ಟಿಯ ಉದ್ಯಾನಗಳ ಜೊತೆಗೆ ಮುಳುಗಿದ ಊರುಗಳ ಹೆಸರನ್ನೂ ಮಕ್ಕಳಿಗೆ ಹೇಳಿಕೊಟ್ಟರೆ ಮಾತ್ರ ಅವರು ಆ ನೀರನ್ನು ಪೂರ್ತಿ ನೋಡಿದಂತಾಗುತ್ತದೆ.