ಸದಾಶಿವಗಡದ ಹೆಸರು ಮತ್ತು ಸ್ವರವಚನ

ಕಾರವಾರದಿಂದ ಉತ್ತರಕ್ಕೆ ಕಾಳಿ ನದಿಯನ್ನು ದಾಟಿದೊಡನೆ ಎದುರಾಗುವ ಗುಡ್ಡವೇ ಸದಾಶಿವಗಡ. ನದಿಯು ಕಡಲನ್ನು ಕೂಡುವ ಆ ಮುಖದಲ್ಲಿ ಸ್ವಾದಿಯ (ಶಿರಸಿ ತಾಲೂಕಿನ ಇಂದಿನ ಸೋಂದಾ) ಅರಸು ಬಸವಲಿಂಗನು ಕೋಟೆಯನ್ನು ಕಟ್ಟಿಸಿ, ಅದಕ್ಕೆ ತನ್ನ ತಂದೆ ಸದಾಶಿವರಾಯನ ಹೆಸರನ್ನಿಟ್ಟನು. 17ನೆಯ ಶತಮಾನ ಮುಗಿದು 18ನೆಯದು ತೊಡಗುವ ಕಾಲವದು. ಇಂದು ಹೆದ್ದಾರಿಯು ಗುಡ್ಡವನ್ನೇ ಸೀಳಿಕೊಂಡು ಗೋವೆಯತ್ತ ಸಾಗಿದೆ. ಕೋಟೆಯ ಬಹುಭಾಗ ಅಳಿದಿದೆ. ಆದರೆ ಆ ಹೆಸರಿನ ಅರಸನನ್ನು ಶರಣ ಸಾಹಿತ್ಯವು ನೆನೆಯುವುದು ಬೇರೊಂದು ಕಾರಣದಿಂದ. ವೀರಶೈವ ಮನೆತನದ ಸದಾಶಿವರಾಯನು ಸ್ವರವಚನಗಳನ್ನು ರಚಿಸಿದವನು, ಉಳವಿಯ ಮಹಿಮೆಯನ್ನು ಕಾವ್ಯವಾಗಿಸಿದವನು.

ಗಾಯಕರು ತಮ್ಮ ಹಾಡಿಗೆ ಧರ್ಮವನ್ನೇಕೆ ತರುತ್ತಾರೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಆಶ್ರಯದ್ದು: ಅನ್ನವಿಟ್ಟವರ ದೇವರನ್ನು ಹಾಡುಗಾರ ಹಾಡುತ್ತಾನೆ. ಇದನ್ನು ಸುಳ್ಳೆನ್ನಲಾಗದು. ಅಂಧ ಬಾಲಕರಾಗಿದ್ದ ಪಂಚಾಕ್ಷರ ಗವಾಯಿಗಳಿಗೆ (1892-1944) ಸಂಗೀತ ಶಿಕ್ಷಣದ ವ್ಯವಸ್ಥೆಯಾದದ್ದು ಹಾನಗಲ್ಲ ಕುಮಾರ ಸ್ವಾಮಿಗಳಿಂದ. ಆದರೆ ಸದಾಶಿವರಾಯನ ಮುಂದೆ ಈ ಉತ್ತರ ನಿಲ್ಲುವುದಿಲ್ಲ. ಆತ ಆಶ್ರಯ ಕೊಡುವವನೇ ಹೊರತು ಬೇಡುವವನಲ್ಲ. ಹೊಗಳಿಸಿಕೊಳ್ಳುವ ಪೀಠದಲ್ಲಿ ಕುಳಿತೂ ಆತ ಶಿವನನ್ನು ಹಾಡಿದನು.

ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಸ್ವರವಚನಕ್ಕೆ ಪಲ್ಲವಿಯಿದೆ, ನುಡಿಗಳಿವೆ, ರಾಗತಾಳಗಳ ನಿರ್ದೇಶವಿದೆ. ಬಸವಾದಿ ಶರಣರ ಹೆಸರಿನಲ್ಲಿಯೇ ಸ್ವರವಚನಗಳು ದೊರೆಯುತ್ತವೆ. ನಿಜಗುಣ ಶಿವಯೋಗಿ, ಮುಪ್ಪಿನ ಷಡಕ್ಷರಿ, ಸರ್ಪಭೂಷಣ ಶಿವಯೋಗಿಗಳು ಇದೇ ಹಾದಿಯಲ್ಲಿ ಕೈವಲ್ಯದ ಪದಗಳನ್ನು ಹಾಡಿದರು. ಓಲೆಗರಿಯನ್ನು ಓದಬಲ್ಲವರು ಊರಿಗೊಬ್ಬರಿದ್ದರೆ ಹೆಚ್ಚು. ಷಟ್‌ಸ್ಥಲದ ಮಾತು ಪಲ್ಲವಿಯಾಗಿ ನಾಲಗೆಗೆ ಹತ್ತಿದರೆ ಅದು ಬೀಸುವ ಕಲ್ಲಿನ ಬಳಿಗೂ ಬರುತ್ತದೆ, ದೂರದ ಪಯಣದ ಚಕ್ಕಡಿಯನ್ನೂ ಏರುತ್ತದೆ. ಕಲ್ಯಾಣದ ವಿಪ್ಲವದ ನಂತರ ಚನ್ನಬಸವಣ್ಣನವರು ಬಂದು ಐಕ್ಯರಾದ ಉಳವಿಗೆ ಬಯಲುಸೀಮೆಯ ಭಕ್ತರು ಘಟ್ಟದ ಕಾಡನ್ನು ಹೊಕ್ಕು ಚಕ್ಕಡಿಗಳಲ್ಲಿ ಬರುತ್ತಿದ್ದುದನ್ನು ನೆನೆದರೆ, ಅದೇ ಸೀಮೆಯ ಅರಸನು ಹಾಡುವ ಪದವನ್ನೇ ಏಕೆ ಆಯ್ದುಕೊಂಡನೆಂಬುದು ಊಹೆಗೆ ನಿಲುಕುತ್ತದೆ. ಉಳವಿಯ ಜಾತ್ರೆ ಇಂದಿಗೂ ಮಾಘ ಮಾಸದಲ್ಲಿ ನಡೆಯುತ್ತಿದೆ.

ಇಲ್ಲೊಂದು ತೊಡಕಿದೆ. ಶಿವನು ನಾದಕ್ಕೆ ಒಲಿಯುವವನೆಂಬ ಲೋಕದ ಮಾತನ್ನು ಬಸವಣ್ಣನವರೇ ಒಪ್ಪಲಿಲ್ಲ. ನಾದದಲ್ಲಿ ನಿಪುಣನಾದ ರಾವಣನ ಗತಿ ಏನಾಯಿತೆಂದು ಕೇಳಿ, ದೇವನು ಭಕ್ತಿಗೆ ಮಾತ್ರ ಒಲಿಯುವನೆಂದರು. ಹಾಗಾದರೆ ರಾಗತಾಳಗಳ ಈ ಶ್ರಮವೇಕೆ? ಉತ್ತರವೂ ಅವರ ವಚನಗಳಲ್ಲಿಯೇ ಇದೆ. ತಾಳಲಯಗಳ ಅರಿವಿಲ್ಲದಿದ್ದರೂ ಒಲಿದಂತೆ ಹಾಡುವೆನೆಂದವರೂ, ತಮ್ಮ ದೇಹವನ್ನೇ ವೀಣೆಯಾಗಿಸಿ ನುಡಿಸೆಂದು ಬೇಡಿದವರೂ ಅವರೇ. ನಾದವನ್ನು ಅವರು ದೂರ ಮಾಡಲಿಲ್ಲ. ದೇವರನ್ನು ಮೆಚ್ಚಿಸುವ ಸಾಧನವೆಂಬ ಅದರ ಹಮ್ಮನ್ನು ಕಳೆದರು. ಶರಣಗಾಯನದಲ್ಲಿ ಹಾಡು ಮೊದಲು ಬದಲಿಸಬೇಕಾದದ್ದು ಹಾಡುವವನನ್ನೇ. ಸಭೆಯ ಚಪ್ಪಾಳೆ ಇದಕ್ಕೆ ದೊಡ್ಡ ಅಡ್ಡಿಯೆಂಬುದನ್ನು ಗಾಯಕರೇ ಬಲ್ಲರು.

ಮಲ್ಲಿಕಾರ್ಜುನ ಮನಸೂರರು (1910-1992) ಧಾರವಾಡದ ಮುರುಘಾಮಠದ ಭಕ್ತರು. ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಅವರಿಗೆ ದೊರೆತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ. ಆ ಉಸ್ತಾದರ ವಿದ್ಯೆಯಿಂದ ಹದಗೊಂಡ ಕಂಠದಲ್ಲಿ ಅಕ್ಕಮಹಾದೇವಿಯ ವಚನ ಕೇಳಿಬಂದಾಗ, ರಾಗ ಯಾರ ಮನೆಯದೆಂದು ಯಾವ ಭಕ್ತನೂ ಕೇಳಲಿಲ್ಲ. ಅವರ ಆತ್ಮಕಥೆಯ ಹೆಸರು 'ನನ್ನ ರಸಯಾತ್ರೆ'.

ಸ್ವಾದಿಯ ರಾಜ್ಯವು 1763-64ರ ಸುಮಾರಿಗೆ ಹೈದರ ಅಲಿಯ ವಶವಾಯಿತು. ಅರಸು ಮನೆತನ ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋಯಿತು. ಆಸ್ಥಾನವಿಲ್ಲದಾದರೂ ಸ್ವರವಚನಗಳು ಮಠಗಳ ಓಲೆಕಟ್ಟುಗಳಲ್ಲಿ ಉಳಿದವು. ಅಂಥ ಕಟ್ಟುಗಳಲ್ಲಿ ಪದದ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು ಕಾಣುತ್ತದೆ, ಸ್ವರಲಿಪಿ ಇರುವುದಿಲ್ಲ. ಧಾಟಿ ಕಂಠದಿಂದ ಕಂಠಕ್ಕೆ ಬಂದದ್ದು. ಪರಂಪರೆ ಕಡಿದಲ್ಲಿ ಅದೂ ಹೋಯಿತು. ಅಂಥ ಪದವನ್ನು ಇಂದು ಹಾಡಬಯಸುವವರು ರಾಗದ ಹೆಸರನ್ನು ಓಲೆಯಿಂದ ಪಡೆದು, ಧಾಟಿಯನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.